ಕೈ ನಡುಗುತ್ತದೆ, ಮಗಳ ಧಾರೆ ಹೇಗೆ ಎರೆಯಲಿ?

ಪ್ರಶ್ನೆ: ನನಗೆ 54 ವರ್ಷ. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದೇನೆ. ಹನ್ನೆರಡು ವರ್ಷಗಳಿಂದ ಎರಡೂ ಕೈ ನಡುಗುತ್ತವೆ. ನಮ್ಮ ತಂದೆಗೂ ಹೀಗೇ ಇತ್ತು. ನರರೋಗ ತಜ್ಞರು ಪರೀಕ್ಷೆ ಮಾಡಿ, ಥೈರಾಯ್ಡ್ ಸರಿಯಿದೆ, ಇದು ಪಾರ್ಕಿನ್ಸನ್ ಅಲ್ಲ, ಎಸೆನ್ಷಿಯಲ್ ಟ್ರೆಮರ್ ಎಂದಿದ್ದಾರೆ. ಮಾತ್ರೆಯಿಂದ ಸ್ವಲ್ಪ ಇಳಿದಿದೆ, ನಿಂತಿಲ್ಲ. ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತೇನೆ. ನಡುಕಕ್ಕಿಂತ ಜನರ ನೋಟವೇ ನನ್ನನ್ನು ಸೋಲಿಸಿದೆ. ಡೈರಿಯಲ್ಲಿ ರೈತರ ಪುಸ್ತಕದಲ್ಲಿ ಲೆಕ್ಕ ಬರೆಯುವಾಗ ಸಾಲಿನಲ್ಲಿ ನಿಂತವರು ಕೈಯನ್ನೇ ನೋಡುತ್ತಾರೆ. ಬೆಳಿಗ್ಗೆಯೇ ಕುಡಿದು ಬಂದಿದ್ದಾನೆ ಎಂದು ಒಬ್ಬರು ಆಡಿದ್ದು ಕಿವಿಗೆ ಬಿದ್ದಿದೆ. ಮನೆಯಲ್ಲಿ ಅರ್ಧ ಲೋಟ ಕಾಫಿಯನ್ನು ಎರಡು ಕೈಯಲ್ಲಿ ಹಿಡಿದು ಕುಡಿಯುತ್ತೇನೆ. ಬೇರೆಯವರ ಮನೆಯಲ್ಲಿ ಮೂರು ವರ್ಷಗಳಿಂದ ಕುಡಿದಿಲ್ಲ. ಇನ್ನು ಹತ್ತು ವಾರಕ್ಕೆ ಮಗಳ ಮದುವೆ. ನಮ್ಮಲ್ಲಿ ತಂದೆಯೇ ಧಾರೆ ಎರೆಯಬೇಕು. ಅಷ್ಟು ಜನರ ಮುಂದೆ ಹೇಗೆ ಎರೆಯಲಿ? ಗಂಡಿನ ಕಡೆಯವರು ನೋಡಿ ಹುಡುಗಿಗೂ ಬರಬಹುದು ಎಂದುಕೊಂಡರೆ? ಆ ಹೊತ್ತಿಗೆ ಒಂದು ಪೆಗ್ ಹಾಕಿಕೊಂಡರೆ ಕೈ ನಿಲ್ಲುತ್ತದೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಧಾರೆಯನ್ನು ನನ್ನ ತಮ್ಮನಿಗೆ ಒಪ್ಪಿಸಿಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಧಾರೆಯ ಮಾತಿಗಿಂತ ಮೊದಲು ನೀವು ಹೇಳಿ ಹಾಗೆಯೇ ದಾಟಿಹೋಗಿರುವ ಕಾಫಿಯ ಮಾತು. ಮನೆಯಲ್ಲಿ ದಿನವೂ ಕುಡಿಯುವ ಕಾಫಿಯನ್ನು ಬೇರೆಯವರ ಮನೆಯಲ್ಲಿ ಮೂರು ವರ್ಷಗಳಿಂದ ಬೇಡವೆಂದಿದ್ದೀರಿ. ಕೈ ಎರಡೂ ಕಡೆ ಅದೇ ಕೈ, ಲೋಟವೂ ಅಂಥದೇ ಲೋಟ. ಹಾಗಾದರೆ ಆ ಕಾಫಿಯನ್ನು ತಪ್ಪಿಸಿದ್ದು ಕೈ ನಡುಗುವುದನ್ನು ಯಾರೂ ನೋಡಬಾರದೆಂಬ ನಿಮ್ಮ ಪಣ. ನಡುಕ ಮತ್ತು ಅದನ್ನು ಮುಚ್ಚಿಡುವ ದುಡಿಮೆ, ಇವೆರಡನ್ನೂ ನೀವು ಒಂದೇ ಹೊರೆಯೆಂದು ಹೊತ್ತಿದ್ದೀರಿ. ಮೊದಲನೆಯದನ್ನು ಔಷಧದಿಂದ ಒಂದಿಷ್ಟು ಇಳಿಸಬಹುದು, ಪೂರ್ತಿ ಇಳಿಸುವುದು ಕಷ್ಟ. ಎರಡನೆಯದನ್ನು ಬಹುಮಟ್ಟಿಗೆ ಇಳಿಸಬಹುದು, ಅದಕ್ಕೆ ಹತ್ತು ವಾರ ಸಾಕಷ್ಟು ಸಮಯವೇ ಆಗುತ್ತದೆ.

ನಡುಕದ ವಿಷಯವನ್ನು ಮೊದಲು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ನೀವು ನಾಳೆ ಇತರರಿಗೂ ವಿವರಿಸಬೇಕಾಗುತ್ತದೆ. ಮೆದುಳಿನ ಹಿಂಭಾಗದಲ್ಲಿರುವ ಕಿರುಮೆದುಳು ಮತ್ತು ಅದರ ಸಂದೇಶಗಳನ್ನು ಮುಂದಕ್ಕೆ ದಾಟಿಸುವ ಥಲಾಮಸ್ ಎಂಬ ಭಾಗ, ಇವುಗಳ ನಡುವಿನ ನರಜಾಲದಲ್ಲಿ ಒಂದು ಬೇಡದ ಲಯ ಹುಟ್ಟಿಕೊಂಡು, ಕೈಯ ಸ್ನಾಯುಗಳು ಸೆಕೆಂಡಿಗೆ ಸುಮಾರು 4ರಿಂದ 12 ಸಲ ಅದರುವುದನ್ನು ಎಸೆನ್ಷಿಯಲ್ ಟ್ರೆಮರ್ ಎನ್ನುತ್ತಾರೆ. ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಕೈ ಚಾಚಿದಾಗ, ಬರೆಯುವಾಗ, ಲೋಟ ಎತ್ತುವಾಗ ಕಾಣುತ್ತದೆ, ಲೋಟ ತುಟಿಯ ಹತ್ತಿರ ಬಂದಂತೆ ಅನೇಕರಲ್ಲಿ ಇನ್ನಷ್ಟು ಜೋರಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಇದಕ್ಕೆ ಬಹುಮಟ್ಟಿಗೆ ವಿರುದ್ಧ: ಕೈ ಸುಮ್ಮನಿದ್ದಾಗಲೇ ನಡುಕ ಹೆಚ್ಚು, ಅದು ಸಾಮಾನ್ಯವಾಗಿ ಒಂದು ಬದಿಯಲ್ಲಿ ಶುರುವಾಗುತ್ತದೆ, ಜೊತೆಗೆ ಚಲನೆ ನಿಧಾನವಾಗುತ್ತದೆ, ಅಕ್ಷರ ಸಾಲಿನ ಕೊನೆಗೆ ಹೋದಂತೆ ಸಣ್ಣದಾಗುತ್ತದೆ. ನಿಮ್ಮಂಥವರ ಅಕ್ಷರ ದೊಡ್ಡದಾಗಿ, ಅಲೆಅಲೆಯಾಗಿ ಇರುತ್ತದೆ. ಇದು ಆಯುಷ್ಯವನ್ನು ಕಡಿಮೆ ಮಾಡುವ ಕಾಯಿಲೆಯಲ್ಲ. 65 ದಾಟಿದವರಲ್ಲಿ 100ಕ್ಕೆ ಸುಮಾರು 4–5 ಮಂದಿಗೆ ಇರುವಷ್ಟು ಸಾಮಾನ್ಯವಾದದ್ದು. ನಿಮ್ಮ ಡೈರಿಯ ಸಾಲಿನಲ್ಲೇ ಕೈಯನ್ನು ಪಂಚೆಯ ಮರೆಗೆ ಸರಿಸಿಕೊಂಡು ನಿಂತಿರುವ ಹಿರಿಯರೊಬ್ಬರು ಇದ್ದರೆ ಆಶ್ಚರ್ಯವಿಲ್ಲ.

ಜನ ನೋಡಿದಾಗ ನಡುಕ ಹೆಚ್ಚಾಗುವುದು ನಿಮ್ಮ ಭ್ರಮೆಯೂ ಅಲ್ಲ, ಅಧೈರ್ಯವೂ ಅಲ್ಲ. ಯಾರೋ ನೋಡುತ್ತಿದ್ದಾರೆಂಬ ಅರಿವಾದ ಕೂಡಲೇ ದೇಹ ಅಡ್ರಿನಲಿನ್ ಬಿಡುಗಡೆ ಮಾಡುತ್ತದೆ. ಅದು ಎದೆಬಡಿತವನ್ನು ಏರಿಸುವಂತೆಯೇ ಕೈಯ ಸ್ನಾಯುಗಳ ಮೇಲೆ ನೇರವಾಗಿ ಕೆಲಸ ಮಾಡಿ, ಯಾವ ಕಾಯಿಲೆಯೂ ಇಲ್ಲದವರ ಕೈಯನ್ನೂ ನಡುಗಿಸುತ್ತದೆ. ಮೊದಲ ಸಲ ವೇದಿಕೆ ಹತ್ತಿದವರ ಕೈಯಲ್ಲಿ ಕಾಗದ ಅದರುವುದು ಇದರಿಂದಲೇ. ನಿಮಗೆ ಇರುವ ನಡುಕದ ಮೇಲೆ ಇದು ಸೇರಿಕೊಳ್ಳುತ್ತದೆ. ಇನ್ನು ನೀವು ಅದನ್ನು ತಡೆಯಲು ಪೆನ್ನನ್ನು ಬಿಗಿಯಾಗಿ ಹಿಡಿಯುತ್ತೀರಿ, ಉಸಿರು ಕಟ್ಟುತ್ತೀರಿ, ಭುಜ ಮೇಲಕ್ಕೆ ಹೋಗುತ್ತದೆ. ಬಿಗಿ ಹೆಚ್ಚಿದಷ್ಟೂ ಅದುರು ಹೆಚ್ಚುತ್ತದೆ, ಅದು ಕಂಡಷ್ಟೂ ನಿಮ್ಮ ಅಳುಕು ಹೆಚ್ಚುತ್ತದೆ. ಗಾಣದೆತ್ತಿನ ಹಾಗೆ ಸುತ್ತುವ ಈ ಸುತ್ತನ್ನು ಎಲ್ಲಿ ಮುರಿಯಬಹುದು ಎಂದರೆ ಮುಚ್ಚಿಡುವ ಹಂತದಲ್ಲಿ. ನಡುಕ ನಿಮ್ಮ ಕೈಮೀರಿದ್ದು, ಅಡ್ರಿನಲಿನ್ ಕೂಡ ಕೈಮೀರಿದ್ದು. ಮುಚ್ಚಿಡುವುದು ಮಾತ್ರ ನೀವು ಮಾಡುವ ಕೆಲಸ, ಆದ್ದರಿಂದ ಅದನ್ನು ನೀವು ಬಿಡಲೂ ಬಹುದು.

ಬಿಡುವುದೆಂದರೆ ಏನು? ಅವರು ಕೇಳುವ ಮೊದಲೇ ಹೇಳುವುದು. ಹೊರರೋಗಿ ವಿಭಾಗದಲ್ಲಿ ನನ್ನ ಮುಂದೆ ಕುಳಿತ ಎಷ್ಟೋ ಜನ ಈ ಒಂದು ಸಲಹೆಗೆ ಮುಖ ಬಾಡಿಸಿದ್ದಾರೆ, ಮುಂದಿನ ಭೇಟಿಯಲ್ಲಿ ಇದೇ ಹೆಚ್ಚು ಉಪಯೋಗವಾಯಿತೆಂದೂ ಹೇಳಿದ್ದಾರೆ. ಉದ್ದದ ವಿವರಣೆ ಬೇಡ, ಕ್ಷಮೆ ಕೇಳುವ ದನಿಯೂ ಬೇಡ. ಡೈರಿಯಲ್ಲಿ ಪುಸ್ತಕ ಕೈಗೆ ತೆಗೆದುಕೊಳ್ಳುತ್ತಲೇ, “ನನಗೆ ಕೈ ನಡುಗೋ ಕಾಯಿಲೆ ಇದೆ, ನಮ್ಮ ತಂದೆಗೂ ಇತ್ತು, ಬರೆಯೋದು ಸ್ವಲ್ಪ ತಡ ಆಗುತ್ತೆ, ಲೆಕ್ಕ ಸರಿಯಾಗಿರುತ್ತೆ” ಎಂದರೆ ಸಾಕು. ಈ ಮಾತಿನ ಕೊನೆಯ ಭಾಗವನ್ನು ಗಮನಿಸಿ. ಹಾಲು ಹಾಕಲು ಬಂದ ರೈತನಿಗೆ ನಿಮ್ಮ ಕೈಯ ಚಿಂತೆಗಿಂತ ತನ್ನ ಲೀಟರು, ತನ್ನ ಫ್ಯಾಟು, ತನ್ನ ದುಡ್ಡಿನ ಚಿಂತೆ ದೊಡ್ಡದು. ಕೈ ನಡುಗುವುದನ್ನು ಕಂಡು ಅವನಿಗೆ ಏಳುವ ಪ್ರಶ್ನೆ ಬಹುಪಾಲು ಲೆಕ್ಕದ ಬಗ್ಗೆಯೇ ಇರುತ್ತದೆ. ಅದಕ್ಕೆ ಉತ್ತರ ಸಿಕ್ಕರೆ ಅವನು ನೋಡುವುದನ್ನು ಬಿಡುತ್ತಾನೆ. ಎಲ್ಲರಿಗೂ ಹೇಳಬೇಕಾಗಿಲ್ಲ. ಹಳ್ಳಿಯಲ್ಲಿ ನಾಲ್ಕು ಜನರಿಗೆ ಹೇಳಿದರೆ ನಲವತ್ತು ಜನರಿಗೆ ತಲುಪುತ್ತದೆ, ನಿಮ್ಮ ವಿಷಯದಲ್ಲಿ ಅದು ನಿಮಗೆ ಅನುಕೂಲವೇ.

ಕುಡಿದಿದ್ದಾನೆ ಎಂದು ಆಡಿದವರ ಮಾತು ನಿಮಗೆ ಎಷ್ಟು ನೋವು ಕೊಟ್ಟಿದೆ ಎಂಬುದು ಪತ್ರದಲ್ಲಿ ಕಾಣುತ್ತದೆ. ಅದು ಅನ್ಯಾಯದ ಮಾತು. ಆದರೆ ಅದು ಹುಟ್ಟಿದ್ದು ಹೇಗೆ ಎಂದು ಯೋಚಿಸಿ: ಜನರು ಕಂಡ ನಡುಕಕ್ಕೆ ನೀವು ಕಾರಣ ಕೊಡದೆ ಹೋದಾಗ, ತಮಗೆ ಗೊತ್ತಿರುವ ಕಾರಣವನ್ನು ಅವರೇ ತುಂಬಿಕೊಂಡರು. ಮದ್ಯ ಬಿಟ್ಟಾಗ ಕೈ ನಡುಗುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡದವರಿಲ್ಲ, ಎಸೆನ್ಷಿಯಲ್ ಟ್ರೆಮರ್ ಎಂಬ ಹೆಸರು ಕೇಳಿದವರು ವಿರಳ. ಆಡಿದವರೊಡನೆ ಜಗಳಕ್ಕೆ ಹೋಗಬೇಡಿ. ಅವರ ಎದುರಿಗೇ ಇನ್ನೊಬ್ಬರಿಗೆ ಮೇಲಿನ ಮಾತನ್ನು ಹೇಳಿ.

ನಿಮ್ಮ ಸ್ನೇಹಿತರ ಸಲಹೆಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ಹೇಳಿದ್ದು ಸುಳ್ಳಲ್ಲ, ಅಪಾಯ ಇರುವುದೂ ಅದರಲ್ಲೇ. ಮದ್ಯ ಈ ನಡುಕವನ್ನು ಬಹಳ ಜನರಲ್ಲಿ ಕೆಲವು ಗಂಟೆಗಳ ಮಟ್ಟಿಗೆ ನಿಜಕ್ಕೂ ಇಳಿಸುತ್ತದೆ. ಅಮಲು ಇಳಿದ ಮೇಲೆ ಅದು ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ, ಮುಂದಿನ ಸಲ ಅಷ್ಟರಿಂದ ಸಾಲುವುದಿಲ್ಲ. ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಈಗಾಗಲೇ ಕುಡಿತದ ಸುಳ್ಳು ಆಪಾದನೆ ಹೊತ್ತಿರುವ ನೀವು ಮಗಳ ಧಾರೆಗೆ ಮದ್ಯದ ವಾಸನೆಯೊಂದಿಗೆ ನಿಲ್ಲುವುದನ್ನು ನಾನು ಊಹಿಸಲೂ ಇಚ್ಛಿಸುವುದಿಲ್ಲ.

ಜನರು ನೋಡುವುದೇ ಇಲ್ಲ ಎಂದು ನಿಮ್ಮನ್ನು ಸಮಾಧಾನಪಡಿಸಲಾರೆ. ನೋಡುತ್ತಾರೆ. ಆದರೆ ನಾವು ಎಣಿಸುವಷ್ಟು ಜನ ನೋಡುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಹಾಕಿಕೊಳ್ಳಲು ಮುಜುಗರವಾಗುವಂಥ ಚಿತ್ರವಿದ್ದ ಅಂಗಿಯನ್ನು ವಿದ್ಯಾರ್ಥಿಗಳಿಗೆ ತೊಡಿಸಿ ಇತರರು ಕುಳಿತಿದ್ದ ಕೋಣೆಯೊಳಗೆ ಕಳುಹಿಸಿದರು. ಸುಮಾರು ಅರ್ಧದಷ್ಟು ಜನ ಅಂಗಿಯನ್ನು ಗುರುತಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ನಿಜಕ್ಕೂ ಗುರುತಿಸಿದವರು ಸುಮಾರು ಕಾಲುಭಾಗ. ನಡುಗುವ ಕೈ ಅಂಗಿಗಿಂತ ಕಣ್ಣಿಗೆ ಬೀಳುವ ಸಂಗತಿ ಎಂಬುದನ್ನು ಒಪ್ಪುತ್ತೇನೆ. ಆದರೂ ನೋಡಿದ್ದು, ಅಳೆದದ್ದು, ಮನೆಗೆ ಹೋಗುವ ತನಕ ನೆನಪಿಟ್ಟದ್ದು, ಇವು ಮೂರೂ ಬೇರೆ. ನೀವು ಮೊದಲನೆಯದನ್ನು ಕಂಡಾಗಲೆಲ್ಲ ಮೂರನ್ನೂ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದೀರಿ.

ಹೇಳುವುದರ ಜೊತೆಗೆ ಅಭ್ಯಾಸವೂ ಬೇಕು. ಆತಂಕಕ್ಕೆ ಚಿಕಿತ್ಸೆ ನೀಡುವ ಮನಶ್ಶಾಸ್ತ್ರಜ್ಞರು ಬಳಸುವ ಕ್ರಮವೊಂದನ್ನು ನಿಮ್ಮ ಊರಿಗೆ ಹೊಂದಿಸಿ ಹೇಳುತ್ತೇನೆ. ನೀವು ತಪ್ಪಿಸಿಕೊಳ್ಳುತ್ತಿರುವ ಸಂದರ್ಭಗಳನ್ನು ಕಡಿಮೆ ಅಳುಕಿನದರಿಂದ ಹೆಚ್ಚು ಅಳುಕಿನದರ ತನಕ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತಮ್ಮನ ಮನೆಯಲ್ಲಿ ಕಾಫಿ ಮೊದಲನೆಯದಾಗಬಹುದು; ಪರಿಚಯದ ಹೋಟೆಲಿನಲ್ಲಿ ಬೈಟು ಕಾಫಿ ಎರಡನೆಯದು; ಬೀಗರ ಮನೆಯಲ್ಲಿ ಕಾಫಿ, ಸಂಘದ ಸಭೆಯಲ್ಲಿ ಎಲ್ಲರ ಮುಂದೆ ರುಜು, ಹೀಗೆ ಮುಂದುವರಿಯಲಿ. ವಾರಕ್ಕೆ ಒಂದೆರಡನ್ನು ಮಾಡಿ, ಒಂದು ಸಲ ಮಾಡಿ ಬಿಡದೆ ಅಳುಕು ಕರಗುವ ತನಕ ಮತ್ತೆ ಮತ್ತೆ ಮಾಡಿ. ಕಾಫಿ ಚೆಲ್ಲಿದರೆ ಚೆಲ್ಲಲಿ, ಒರೆಸಿ ಮುಂದುವರಿಯಿರಿ. ಚೆಲ್ಲಿದ ಮೇಲೂ ಮಾತುಕತೆ ಮುಂದುವರಿಯಿತು ಎಂಬುದನ್ನು ಕಣ್ಣಾರೆ ಕಾಣಬೇಕಾದವರು ನೀವೇ. ಕೈ ನಿಂತಿತೇ ಎಂಬುದು ಈ ಅಭ್ಯಾಸದ ಅಳತೆಗೋಲಲ್ಲ, ನೀವು ಅಲ್ಲಿ ಕುಳಿತಿದ್ದಿರೇ ಎಂಬುದು ಅಳತೆಗೋಲು. ಅಳುಕು ಇದರಿಂದ ಜಗ್ಗದಿದ್ದರೆ, ನಿದ್ದೆ ಕೆಟ್ಟಿದ್ದರೆ, ಬದುಕೇ ಬೇಸರವೆನಿಸುತ್ತಿದ್ದರೆ, 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಒಂದು ಸೂಕ್ಷ್ಮವಿದೆ. ಎರಡು ಕೈಯಲ್ಲಿ ಲೋಟ ಹಿಡಿಯುವುದು, ಅರ್ಧ ಮಾತ್ರ ತುಂಬಿಸುವುದು, ಸ್ಟ್ರಾ ಕೇಳುವುದು, ದಪ್ಪ ಪೆನ್ನು ಬಳಸುವುದು, ಮೊಣಕೈಯನ್ನು ಮೇಜಿಗೆ ಊರುವುದು, ಇವೆಲ್ಲ ಒಳ್ಳೆಯ ಉಪಾಯಗಳು. ಆದರೆ ಇವನ್ನು ರಾಜಾರೋಷವಾಗಿ ಮಾಡಿದರೆ ಸಹಾಯ, ಯಾರಿಗೂ ಕಾಣದಂತೆ ಕದ್ದು ಮಾಡಿದರೆ ಅದೇ ಹಳೆಯ ಮುಚ್ಚುಮರೆ. ತಿಪಟೂರು ಕಡೆ ಎಳನೀರಿಗೆ ಸ್ಟ್ರಾ ಹಾಕಿ ಕುಡಿಯುವವರನ್ನು ಯಾರೂ ತಿರುಗಿ ನೋಡುವುದಿಲ್ಲ; ಮಜ್ಜಿಗೆಗೂ ಒಂದು ಸ್ಟ್ರಾ ಕೊಡಿ ಎಂದು ಕೇಳಲು ನೀವು ನಾಚಬೇಕಾದ ಕಾರಣ ನನಗೆ ಕಾಣದು. ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಳ್ಳುವಾಗ ಬಲಗೈಯ ಕೆಳಗೆ ಎಡಗೈ ಇಡುವುದು ಹೇಗೂ ವಾಡಿಕೆಯೇ. ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರೆ ಕೈ ಇನ್ನಷ್ಟು ಸ್ಥಿರವಾಗುತ್ತದೆ.

ರುಜುವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಮದುವೆಯ ಹಣದ ಓಡಾಟದಲ್ಲಿ ಅದು ಎದುರಾಗಬಹುದು. ರುಜು ಬದಲಾಗಿದ್ದರೆ ಬ್ಯಾಂಕಿಗೆ ಹೋಗಿ, ಕಾರಣ ತಿಳಿಸಿ, ಈಗ ಬರುವಂಥ ಚಿಕ್ಕ ರುಜುವನ್ನು ಹೊಸ ಮಾದರಿಯಾಗಿ ಕೊಟ್ಟುಬನ್ನಿ. ರುಜು ಮಾಡಲಾಗದಷ್ಟು ಕಾಯಿಲೆಯಿದ್ದವರಿಗೆ ಹೆಬ್ಬೆಟ್ಟಿನ ಗುರುತಿನ ಮೇಲೆ ಹಣ ಕೊಡಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು.

ಗಂಡಿನ ಕಡೆಯವರ ಪ್ರಶ್ನೆ ಕಷ್ಟದ್ದು, ಅದನ್ನು ಸಿಹಿಮಾತಿನಲ್ಲಿ ತೇಲಿಸಲಾರೆ. ವಂಶದಲ್ಲಿ ಬಂದ ಎಸೆನ್ಷಿಯಲ್ ಟ್ರೆಮರ್ ಆದರೆ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ದಾಟುವ ಸಂಭವ ಸುಮಾರು ಅರ್ಧದಷ್ಟು. ನಿಮ್ಮ ತಂದೆಗೂ ಇದ್ದುದರಿಂದ ನಿಮ್ಮದು ವಂಶದ್ದೇ ಇರಬೇಕು. ಆದರೆ ದಾಟಿದರೂ ಅದು ಯಾವ ವಯಸ್ಸಿನಲ್ಲಿ ಕಾಣಿಸುತ್ತದೆ, ಎಷ್ಟರ ಮಟ್ಟಿಗೆ ಎಂಬುದು ಒಂದೇ ಮನೆಯಲ್ಲೂ ಒಬ್ಬರಿಂದೊಬ್ಬರಿಗೆ ಬಹಳ ಬೇರೆ. ಎಷ್ಟೋ ಜನರಿಗೆ ಜೀವಮಾನವಿಡೀ ವೈದ್ಯರ ಹತ್ತಿರ ಹೋಗುವಷ್ಟೂ ಆಗುವುದಿಲ್ಲ. ಬುದ್ಧಿಗಾಗಲಿ, ಹೆರಿಗೆಗಾಗಲಿ, ಸಂಸಾರ ನಡೆಸುವುದಕ್ಕಾಗಲಿ ಇದರಿಂದ ಅಡ್ಡಿಯಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲು ಮಗಳೊಂದಿಗೆ ಕುಳಿತು ಇಷ್ಟನ್ನೂ ಹೇಳಿ, ಹುಡುಗನಿಗೆ ಹೇಗೆ, ಯಾವಾಗ ಹೇಳಬೇಕೆಂಬುದನ್ನು ಅವಳೇ ತೀರ್ಮಾನಿಸಲಿ. ನಿಮ್ಮ ಕೈಯ ಬಗ್ಗೆ ಬೀಗರಿಗೆ ಹೇಳುವುದು ನಿಮ್ಮ ಹಕ್ಕು, ಅದನ್ನು ಮದುವೆಗೆ ಮುಂಚೆ, ಅವರ ಮನೆಯಲ್ಲೇ, ಕಾಫಿಯ ಲೋಟ ಕೈಯಲ್ಲಿರುವಾಗ ಹೇಳಿ. ಮಂಟಪದಲ್ಲಿ ಮೊದಲ ಸಲ ಕಂಡು ಅವರಷ್ಟಕ್ಕೆ ಅವರು ಊಹಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಮಗಳು ನಿಮ್ಮನ್ನು ಇಷ್ಟು ವರ್ಷ ನೋಡುತ್ತಲೇ ಬಂದಿದ್ದಾಳೆ ಎಂಬುದನ್ನೂ ನೆನಪಿಡಿ. ಮುಂದೊಂದು ದಿನ ಅವಳ ಕೈ ನಡುಗಿದರೆ, ಅವಳಿಗೆ ಮೊದಲು ನೆನಪಾಗುವುದು ಲೋಟ ಬೇಡವೆಂದ ಅಪ್ಪನೋ, ಎರಡು ಕೈಯಲ್ಲಿ ಹಿಡಿದು ಕುಡಿದ ಅಪ್ಪನೋ ಎಂಬುದು ಈಗ ನಿಮ್ಮ ನಡೆಯಲ್ಲಿದೆ.

ಔಷಧದ ಬಗ್ಗೆ ಸ್ವಲ್ಪದರಲ್ಲಿ. ನಿಮಗೆ ಯಾವ ಮಾತ್ರೆ ಕೊಟ್ಟಿದ್ದಾರೆಂದು ಬರೆದಿಲ್ಲ. ಮೊದಲ ಸಾಲಿನಲ್ಲಿ ಬಳಸುವವು ಎರಡು: ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ಕೊಡುವ ಪ್ರೊಪ್ರನೊಲಾಲ್ ಮತ್ತು ಮೂರ್ಛೆ ರೋಗಕ್ಕೆ ಕೊಡುವ ಪ್ರಿಮಿಡೋನ್. ಇವು ಕೆಲಸ ಮಾಡಿದವರಲ್ಲೂ ನಡುಕ ಸುಮಾರು ಅರ್ಧದಷ್ಟು ಇಳಿಯುತ್ತದೆಯೇ ಹೊರತು ಪೂರ್ತಿ ನಿಲ್ಲುವುದು ಅಪರೂಪ. ಆದ್ದರಿಂದ ನಿಂತಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ಸೋತಿತೆಂದು ತಿಳಿಯಬೇಡಿ. ವಿಶೇಷ ಸಂದರ್ಭಕ್ಕೆ ಮುಂಚಿತವಾಗಿ ಪ್ರೊಪ್ರನೊಲಾಲ್ ಕೊಡುವ ಪದ್ಧತಿಯೂ ಇದೆ. ಆದರೆ ಅದು ಆಸ್ತಮಾ ಇದ್ದವರಿಗೆ, ಹೃದಯಬಡಿತ ನಿಧಾನವಿರುವವರಿಗೆ ಆಗದು. ಸಕ್ಕರೆ ಕುಸಿದಾಗ ಎಚ್ಚರಿಸುವ ಎದೆಬಡಿತ, ನಡುಕಗಳನ್ನು ಅದು ಮರೆಮಾಡುವುದರಿಂದ ನಿಮ್ಮಂಥ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಹೆಚ್ಚು ನುಂಗಬಾರದು, ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ಬಿಡಲೂಬಾರದು. ಈ ವಾರವೇ ನಿಮ್ಮ ತಜ್ಞರನ್ನು ಕಂಡು ಮದುವೆಯ ದಿನಾಂಕ ಹೇಳಿ. ಪ್ರಮಾಣ ಬದಲಿಸುವುದಿದ್ದರೆ ಹೊಂದಿಕೊಳ್ಳಲು ವಾರಗಳು ಬೇಕು, ಹೊಸದನ್ನು ಮದುವೆಯ ಬೆಳಿಗ್ಗೆ ಪರೀಕ್ಷಿಸಬಾರದು. ಊಟ ಮಾಡುವುದೇ ಕಷ್ಟವಾಗುವಷ್ಟು ನಡುಕವಿದ್ದವರಿಗೆ ಮೆದುಳಿನೊಳಗೆ ತಂತಿ ಇಟ್ಟು ಪ್ರಚೋದಿಸುವ ಶಸ್ತ್ರಚಿಕಿತ್ಸೆಯೂ ಇದೆ; ನಿಮ್ಮ ಪತ್ರ ನೋಡಿದರೆ ನಿಮಗೆ ಅದರ ಅಗತ್ಯ ಬಂದಂತಿಲ್ಲ.

ಇನ್ನು ಧಾರೆ. ಕೈ ನಡುಗುತ್ತದೆಂಬ ಒಂದೇ ಕಾರಣಕ್ಕೆ ಅದನ್ನು ತಮ್ಮನಿಗೆ ಒಪ್ಪಿಸಬೇಡಿ. ಅದನ್ನು ಒಪ್ಪಿಸಿದ ನೋವು ಆ ದಿನದ ಅಳುಕಿಗಿಂತ ಬಹಳ ಕಾಲ ಉಳಿಯುತ್ತದೆ. ಪುರೋಹಿತರನ್ನು ಮೊದಲೇ ಕಂಡು, “ಸ್ವಾಮಿ, ನನ್ನ ಕೈ ನಡುಗುತ್ತೆ, ಸ್ವಲ್ಪ ನಿಧಾನವಾಗಿ ಮಾಡಿಸಿ” ಎಂದು ಹೇಳಿ. ಅಗಲ ಬಾಯಿಯ ಚೊಂಬಿನ ಬದಲು ಮೂತಿಯಿರುವ ಗಿಂಡಿ ತೆಗೆದುಕೊಳ್ಳಿ, ಸ್ವಲ್ಪ ಭಾರದ ಹಿತ್ತಾಳೆಯದಾದರೆ ಒಳ್ಳೆಯದು, ಅರ್ಧ ಮಾತ್ರ ತುಂಬಿಸಿ. ಬಲಗೈಯಲ್ಲಿ ಹಿಡಿ, ಎಡಗೈ ತಳಕ್ಕೆ, ಮೊಣಕೈ ಪಕ್ಕೆಗೆ. ನಿಮ್ಮ ಶ್ರೀಮತಿಯವರು ಪಕ್ಕದಲ್ಲೇ ನಿಂತು ಕೈ ಸೇರಿಸಲಿ. ದಂಪತಿ ಕೂಡಿ ಎರೆಯುವುದು ಎಷ್ಟೋ ಮನೆಗಳಲ್ಲಿ ಪದ್ಧತಿಯೇ ಆಗಿದೆ. ಮೂತಿಯನ್ನು ತೆಂಗಿನಕಾಯಿಗೆ ಬಹಳ ಹತ್ತಿರ ತಂದು ಎರೆಯಿರಿ, ಉಸಿರು ಕಟ್ಟದೆ ಬಿಡುತ್ತಾ ಎರೆಯಿರಿ. ಧಾರೆ ಒಂದಿಷ್ಟು ಆಚೀಚೆ ಹರಿದರೂ ಕೆಳಗೆ ತಟ್ಟೆ ಇರುವುದು ಅದಕ್ಕೇ.

ಆ ದಿನ ಕೈಯನ್ನು ಹೆಚ್ಚು ಕೆಡಿಸುವವು ನಿದ್ದೆಗೇಡು, ಹಸಿವು ಮತ್ತು ಬಂದವರೊಂದಿಗೆಲ್ಲ ಕುಡಿಯುವ ಕಾಫಿ. ವರಪೂಜೆಯ ರಾತ್ರಿ ಲೆಕ್ಕಪತ್ರ, ಅಡುಗೆಯವರ ಜವಾಬ್ದಾರಿಗಳನ್ನು ತಮ್ಮನಿಗೆ ಒಪ್ಪಿಸಿ ಮಲಗಿ, ಒಪ್ಪಿಸಬೇಕಾದ್ದು ಇದನ್ನು. ಧಾರೆ ಮುಗಿಯುವ ತನಕ ಉಪವಾಸ ಇರುವ ರೂಢಿ ನಿಮ್ಮಲ್ಲಿದ್ದರೆ, ಸಕ್ಕರೆ ಕಾಯಿಲೆಯ ವಿಷಯ ಹೇಳಿ ಹಾಲು ಹಣ್ಣಿಗೆ ಪುರೋಹಿತರ ಅನುಮತಿ ಕೇಳಿಕೊಳ್ಳಿ, ಮಾತ್ರೆಯನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.

ಮುಂದಿನ ಭಾನುವಾರ ಬೆಳಿಗ್ಗೆ ಡೈರಿಯ ಕೆಲಸ ಮುಗಿಸಿ ಬಂದ ಮೇಲೆ ಮನೆಯ ಹಜಾರದಲ್ಲಿ ಮಗಳನ್ನು ಕೂರಿಸಿ, ಅವಳ ಅಂಗೈ ಮೇಲೆ ಒಂದು ತೆಂಗಿನಕಾಯಿ ಇಟ್ಟು, ನೀವೂ ನಿಮ್ಮ ಶ್ರೀಮತಿಯವರೂ ಗಿಂಡಿಯಲ್ಲಿ ನೀರು ಎರೆದು ನೋಡಿ. ಅದರ ಮುಂದಿನ ಭಾನುವಾರ ತಮ್ಮನ ಮನೆಯವರನ್ನೂ ಕರೆದು ಅವರ ಎದುರಿಗೆ ಎರೆಯಿರಿ, ಕಾಫಿಯನ್ನೂ ಅವರೊಂದಿಗೇ ಕುಡಿಯಿರಿ.